ಬ್ರೇಕ್ ಮೇಡಂ ಕೊಂಡ ಗೋ ಕಾರ್ಟ್

ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಅವರ ಶಿಷ್ಯರೇ. ಆದರೆ ಅವರ ಹೆಸರು ಹೇಳಿ ಎಂದರೆ ಒಬ್ಬೊಬ್ಬರೂ ತಲೆ ಕೆರೆದುಕೊಳ್ಳುತ್ತಾರೆ. ಎಲ್ಲರ ಬಾಯಲ್ಲೂ ಅವರು ಬ್ರೇಕ್ ಮೇಡಂ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟಿನ ಮುಂದೆ, ಕಲಿಸುವವರ ಕಾಲಿಗೆಂದೇ ಇನ್ನೊಂದು ಬ್ರೇಕು ಇರುತ್ತದೆ. ಮೇಡಂ ಕಡೆಯ ಆ ಬ್ರೇಕಿನ ರಬ್ಬರು ಸವೆದು ಸವೆದು ಬದಲಾಗುತ್ತಲೇ ಇತ್ತು. ಶಿಷ್ಯರ ಕಡೆಯ ರಬ್ಬರು ಮಾತ್ರ ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು. ಗ್ಯಾರೇಜಿನವನು ಇದನ್ನು ಹೇಳಿಕೊಂಡು ನಗುತ್ತಿದ್ದ. ಮೇಡಂ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಅವರ ಬಲಗಾಲಿಗೆ ರಜೆ ಎಂಬುದೇ ಇರಲಿಲ್ಲ. ಬಸ್ಸಿನಲ್ಲಿ ಕೂತರೆ ಡ್ರೈವರಿಗಿಂತ ಮೊದಲು ಇವರ ಕಾಲು ನೆಲ ಒತ್ತುತ್ತಿತ್ತು. ಟಿವಿಯಲ್ಲಿ ಯಾರೋ ಯಾರನ್ನೋ ಕಾರಿನಲ್ಲಿ ಅಟ್ಟಿಸಿಕೊಂಡು ಹೋದರೆ ಸೋಫಾದ ಮುಂದಿನ ಚಾಪೆ ಮುದುಡಿಹೋಗುತ್ತಿತ್ತು. ಅಳಿಯ ತನ್ನ ಸ್ಕೂಟರಿನ ಹಿಂದೆ ಅತ್ತೆಯನ್ನು ಕೂರಿಸಿಕೊಳ್ಳುವುದನ್ನೇ ಬಿಟ್ಟಿದ್ದ, ಏಕೆಂದರೆ ಪ್ರತಿ ತಿರುವಿನಲ್ಲೂ ಅವನ ಹಿಮ್ಮಡಿಗೆ ಒಂದು ಒದೆ ಬೀಳುತ್ತಿತ್ತು.

ಮೇಡಂ ಈ ಕೆಲಸಕ್ಕೆ ಬಂದದ್ದೂ ಹಟದಿಂದಲೇ. ಮೊದಲು ಅವರು ಅದೇ ಸ್ಕೂಲಿನಲ್ಲಿ ಫೋನ್ ಎತ್ತಿಕೊಂಡು, ಬಂದವರಿಗೆ ಸಮಯ ಹೇಳಿಕೊಂಡು ಇದ್ದವರು. ಆಗಿನ ಮೇಷ್ಟ್ರಿಗೆ ಬಾಯಿ ದೊಡ್ಡದು. ಒಂದು ದಿನ ನಡುವಯಸ್ಸಿನ ಹೆಂಗಸೊಬ್ಬರು ಪಾಠ ಮುಗಿಸಿ ಬಂದು ಆಫೀಸಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟರು. ಮೇಡಂ ನೇರ ಮಾಲೀಕರ ಹತ್ತಿರ ಹೋಗಿ, "ನಾಳೆಯಿಂದ ಹೆಂಗಸರಿಗೆ ನಾನು ಕಲಿಸ್ತೀನಿ" ಎಂದರು. ಮಾಲೀಕರು ಬಿದ್ದು ಬಿದ್ದು ನಕ್ಕರು. "ಅಲ್ಲಮ್ಮಾ, ನಿಮಗೇ ಓಡಿಸೋಕೆ ಬರಲ್ವಲ್ಲ!" "ಬರುತ್ತೆ. ನಾಳೆಯಿಂದ ಅಂದದ್ದು ತಪ್ಪು. ಮುಂದಿನ ವರ್ಷದಿಂದ." ಮುಂದಿನ ವರ್ಷ ಅವರು ಆ ಪಕ್ಕದ ಸೀಟಿನಲ್ಲಿ ಕೂತಿದ್ದರು, ಇವತ್ತಿಗೂ ಕೂತಿದ್ದಾರೆ. ಅವರ ಕಾರಿನಲ್ಲಿ ಯಾರಿಗೂ ಒಂದು ಗೀರೂ ಆಗಿಲ್ಲ.

ಈ ಕಥೆ ಮಾತ್ರ ಕಾರಿನದಲ್ಲ, ಅವರ ಮೊಮ್ಮಗಳದು.

ಮೊಮ್ಮಗಳಿಗೆ ಮನೆಯಲ್ಲಿ ಎಲ್ಲರೂ ಬುಗುರಿ ಎನ್ನುತ್ತಿದ್ದರು. ನಡೆಯಲು ಕಲಿತ ದಿನದಿಂದ ಅದು ನೆಟ್ಟಗೆ ನಡೆದದ್ದೇ ಇಲ್ಲ, ಸುತ್ತಿಕೊಂಡೇ ಹೋಗುತ್ತಿತ್ತು. ಹುಟ್ಟಿನಿಂದ ಕಿವಿ ಮಂದ. ಎರಡೂ ಕಿವಿಗೆ ಪುಟ್ಟ ಮಿಷನ್ ಹಾಕಿದರೆ ಮಾತು ಕೇಳಿಸುತ್ತದೆ, ತೆಗೆದರೆ ಲೋಕವೇ ಬಾಯಿ ಮುಚ್ಚಿಕೊಳ್ಳುತ್ತದೆ. ಎಂಟು ವರ್ಷ ತುಂಬುವಷ್ಟರಲ್ಲಿ ಸೈಕಲ್ ಕಲಿತಿದ್ದಳು, ಬಿದ್ದಿದ್ದಳು, ಎದ್ದಿದ್ದಳು. ಹಾಗಿರುವಾಗ ಒಂದು ಸಂಜೆ, ಮನೆಯ ಮುಂದಿನ ಬೀದಿಯಲ್ಲೇ, ಹಿಂದಿನಿಂದ ಬೈಕೊಂದು ಹಾರ್ನ್ ಹೊಡೆದುಕೊಂಡೇ ಬಂತು. ಅವತ್ತು ಮಿಷನ್ನಿನ ಬ್ಯಾಟರಿ ಮುಗಿದಿತ್ತು. ಬೀದಿಗೆಲ್ಲ ಕೇಳಿಸಿದ ಹಾರ್ನ್ ಅವಳೊಬ್ಬಳಿಗೆ ಕೇಳಿಸಲಿಲ್ಲ.

ಮುರಿದ ಕೈ ಕೂಡಿಕೊಂಡಿತು. ಆದರೆ ಬುಗುರಿಯ ಅಮ್ಮ, ಅಂದರೆ ಮೇಡಂ ಮಗಳು, ಅವತ್ತಿನಿಂದ ಬೇರೆಯೇ ಹೆಂಗಸಾದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದು ಮಾತ್ರೆಯ ಹೆಸರನ್ನು ಮೂರು ಸಲ ಓದಿ ಕೊಡುವ ಸ್ವಭಾವ. ಸೈಕಲ್ಲು ಅಟ್ಟ ಸೇರಿತು. ಬೀದಿಗೆ ಇಳಿಯುವಾಗ ಅವಳು ಮಗಳ ಬೆರಳು ಹಿಡಿಯುತ್ತಿರಲಿಲ್ಲ, ಮಣಿಕಟ್ಟನ್ನೇ ಹಿಡಿಯುತ್ತಿದ್ದಳು. ಆಟದ ಬಯಲು ಬೇಡ, ಪಕ್ಕದ ಮನೆಯ ಮಹಡಿ ಬೇಡ, ಬೇಡ ಎಂಬ ಮಾತೊಂದನ್ನು ಬಿಟ್ಟು ಬೇರೇನೂ ಬೇಡ. ಹುಡುಗಿ ಅಳಲೂ ಇಲ್ಲ, ಹಟವನ್ನೂ ಮಾಡಲಿಲ್ಲ. ಗೋಡೆ ಪಕ್ಕದಲ್ಲಿ ನೆಟ್ಟಗೆ ನಡೆಯಲು ಶುರು ಮಾಡಿದಳು. ಮೇಡಂಗೆ ಸಹಿಸಲಾಗದೆ ಹೋದದ್ದು ಅದೇ.

ಶಾಲೆ ಬಿಟ್ಟ ಮೇಲೆ ಬುಗುರಿ ಅಜ್ಜಿಯ ಜೊತೆ ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ ಇರುತ್ತಿದ್ದಳು. ಅದು ಹಿಂದೆ ಯಾವುದೋ ಗೋದಾಮಿನದಾಗಿದ್ದ ಜಾಗ. ಸುತ್ತಲೂ ಗೋಡೆ, ಒಂದೇ ಗೇಟು, ನೆಲಕ್ಕೆ ಸಿಮೆಂಟು, ಮೂಲೆಯಲ್ಲಿ ತಗಡಿನ ಶೆಡ್ಡು. ಒಂದು ಸಂಜೆ ಮೇಡಂ ಪಾಠ ಮುಗಿಸಿ ಇಳಿದು ನೋಡಿದರೆ, ಕೀಲಿ ಇಲ್ಲದೆ ನಿಂತಿದ್ದ ಹಳೇ ಕಾರಿನಲ್ಲಿ ಮೊಮ್ಮಗಳು ಕೂತಿದ್ದಾಳೆ. ಮಿಷನ್ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಾಳೆ. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ಕೈ ತನ್ನದೇ ಗಂಟಲ ಮೇಲೆ, ಬಾಯಲ್ಲಿ ಡುರ್ರ್ ಎಂಬ ಸದ್ದು. ಇಂಜಿನ್ನಿನ ನಡುಕವನ್ನು ಗಂಟಲಿನಲ್ಲೇ ಮಾಡಿಕೊಂಡು, ಅದನ್ನು ಕೈಯಿಂದ ಕೇಳಿಸಿಕೊಳ್ಳುತ್ತಿದ್ದಾಳೆ. ಮೇಡಂ ಕಾರಿನ ಬಾಗಿಲು ತೆರೆಯದೆ ಹಿಂದೆ ಸರಿದರು. ಆ ರಾತ್ರಿ ಊಟಕ್ಕೆ ಕೂತಾಗಲೇ ವಿಷಯ ತೆಗೆದರು.

"ಮಗೂಗೆ ಒಂದು ಗೋ ಕಾರ್ಟ್ ತಗೋತೀನಿ. ಮಕ್ಕಳು ಕೂತು ಓಡಿಸೋ ಪುಟ್ಟ ಗಾಡಿ, ಬ್ಯಾಟರೀದು."

ಮಗಳ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಏನಮ್ಮಾ ನಿನಗೆ ತಲೆ ನೆಟ್ಟಗಿದ್ಯಾ? ಸೈಕಲ್ಲೇ ಬೇಡ ಅಂತ ಅಟ್ಟಕ್ಕೆ ಹಾಕಿದೀನಿ."

"ಸೈಕಲ್ಲು ಬೀದೀಲಿ ಹೋಗುತ್ತೆ. ಇದು ನನ್ನ ಅಂಗಳದಲ್ಲಿ. ನಾಲ್ಕು ಚಕ್ರ, ನೆಲಕ್ಕೆ ಅಂಟಿಕೊಂಡ ಹಾಗೆ ಕೂರುತ್ತೆ, ಬೀಳಲ್ಲ. ಗೇಟು ಹಾಕಿದ್ರೆ ಬೈಕೂ ಇಲ್ಲ, ಹಾರ್ನೂ ಇಲ್ಲ."

"ಅವಳಿಗೆ ನಿಲ್ಲು ಅಂತ ಕೂಗಿದ್ರೆ ಕೇಳಿಸಲ್ಲ."

"ನನ್ನ ಶಿಷ್ಯರಿಗೆ ಕಿವಿ ಸರಿಯಾಗಿದೆ, ಅವರಿಗೂ ಕೇಳಿಸಲ್ಲ."

ಮಗಳು ಗಂಡನ ಮುಖ ನೋಡಿದಳು. ಅವನು ಬೇಕರಿಯಲ್ಲಿ ಕೆಲಸ ಮಾಡುವವನು, ಬೆಳಗಿನ ಜಾವಕ್ಕೆ ಎದ್ದು ಹೋಗಬೇಕಾದವನು, ಯಾರ ಜೊತೆಯೂ ಜಗಳ ಬೇಡ ಎನ್ನುವವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವನ ಬಾಳಿನ ಸೂತ್ರ. "ಅತ್ತೆ ಹೇಳೋದೂ ಸರಿ," ಎಂದ. ಹೆಂಡತಿಯ ಕಣ್ಣು ನೋಡಿ, "ನೀನು ಹೇಳೋದೂ ಸರಿ," ಎಂದು ಸೇರಿಸಿದ.

ಬಹಳ ಹೊತ್ತು ವಾದ ನಡೆದ ಮೇಲೆ ಮಗಳು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: "ತಗೋ. ನೀನೇ ಕಲಿಸು. ಒಂದು ತಿಂಗಳು ಬಿಟ್ಟು ನಾನು ಬಂದು ನೋಡ್ತೀನಿ. ನನಗೆ ಬೇಡ ಅನ್ನಿಸಿದ್ರೆ ಅವತ್ತೇ ಅದನ್ನ ಯಾರಿಗಾದ್ರೂ ಕೊಟ್ಟುಬಿಡಬೇಕು. ಆಮೇಲೆ ಈ ಮನೇಲಿ ಚಕ್ರದ ಮಾತು ಎತ್ತಬಾರದು. ಅವಳು ದೊಡ್ಡವಳಾದ ಮೇಲೂ."

"ಆಗಲಿ ಕಣೇ," ಎಂದರು ಮೇಡಂ. ಬುಗುರಿ ತಟ್ಟೆಯಿಂದ ತಲೆ ಎತ್ತದೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಊಟವಾದ ಮೇಲೆ ಕೈ ತೊಳೆಯಲು ಹೋಗುವಾಗ ಒಂದು ಸುತ್ತು ಸುತ್ತಿದಳು, ಒಂದೇ ಒಂದು.

ಮೇಡಂ ಅಂಗಡಿ ಅಂಗಡಿ ತಿರುಗಿದರು. ಮೊದಲ ಅಂಗಡಿಯಲ್ಲಿ ಕೆಂಪಗೆ ಮಿರಮಿರ ಮಿಂಚುವ ಗಾಡಿ ಇತ್ತು. ಮುಂದೆ ದೀಪ, ಹಿಂದೆ ದೀಪ, ಗುಂಡಿ ಒತ್ತಿದರೆ ಹಾಡು. ಬುಗುರಿ ಅದರಲ್ಲಿ ಕೂತು ಇಳಿಯಲೊಲ್ಲಳು. ಮೇಡಂ ಬಗ್ಗಿ ನೋಡಿದರೆ ಇರುವುದು ಒಂದೇ ಪೆಡಲು. "ಬ್ರೇಕ್ ಎಲ್ಲಿ?" ಎಂದು ಕೇಳಿದರು. ಕಾಲು ತೆಗೆದರೆ ತಾನೇ ನಿಲ್ಲುತ್ತದೆ, ಅದೇ ಬ್ರೇಕು ಎಂದರು ಅಂಗಡಿಯವರು. ಚಕ್ರವೂ ಬರೀ ಪ್ಲಾಸ್ಟಿಕ್ಕು, ಸಿಮೆಂಟಿನ ಮೇಲೆ ಜಾರುವಂಥದು. "ಬೆಳ್ಳಗಿರೋದೆಲ್ಲ ಹಾಲಲ್ಲ, ಇಳಿ ಪುಟ್ಟಾ," ಎಂದು ಮೊಮ್ಮಗಳನ್ನು ಇಳಿಸಿಕೊಂಡು ಹೊರಟರು. ಎರಡನೆಯ ಅಂಗಡಿಯಲ್ಲಿ ದೊಡ್ಡ ಹುಡುಗರ ಗಾಡಿ ತೋರಿಸಿ, ಮಕ್ಕಳು ಬೆಳೆಯುತ್ತಾರಲ್ಲ, ಈಗಲೇ ದೊಡ್ಡದು ತೆಗೆದುಕೊಳ್ಳಿ ಎಂದರು. ಬುಗುರಿಯ ಕಾಲು ಬ್ರೇಕು ಮುಟ್ಟಬೇಕಾದರೆ ಅವಳು ಸೀಟಿನಿಂದ ಜಾರಿ ಅರ್ಧ ಮಲಗಬೇಕಿತ್ತು. "ಅಂಗಿ ಆದ್ರೆ ದೊಡ್ಡದು ಹೊಲಿಸಬಹುದು ರೀ, ಮಡಚಿ ಹಾಕಬಹುದು. ಬ್ರೇಕನ್ನ ಮಡಚೋಕಾಗುತ್ತಾ?"

ಮೂರನೆಯ ಅಂಗಡಿಯ ಮಾರಾಟಗಾರರು ಟೈ ಕಟ್ಟಿದ, ತಾಳ್ಮೆಯ ಮನುಷ್ಯ. ಮೇಡಂ ನೆಲದ ಮೇಲೆ ಮಂಡಿಯೂರಿ ಗಾಡಿಯ ಕೆಳಗೆ ಇಣುಕಿದಾಗ ಅವರೇ ಒಳಗಿನಿಂದ ಒಂದು ರಟ್ಟಿನ ಹಾಳೆ ತಂದು ಹಾಸಿಕೊಟ್ಟರು. ಮೇಡಂ ಅದರ ಮೇಲೆ ಅಂಗಾತ ಮಲಗಿ ಪರೀಕ್ಷೆ ನಡೆಸಿದರು. ಬ್ರೇಕಿಗೆ ಬೇರೆಯೇ ಪೆಡಲು ಇತ್ತು. ಅದು ಒತ್ತಿದರೆ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸುತ್ತಿತ್ತು. ಚೈನು ಪೂರ್ತಿ ಮುಚ್ಚಿತ್ತು, ಹಿಂದಿನ ಅಚ್ಚಿಗೂ ಮುಚ್ಚಳವಿತ್ತು. ಮೇಡಂ ಮೊಮ್ಮಗಳ ಉದ್ದ ಜಡೆಯನ್ನು ಸೀಟಿನ ಹಿಂದೆ ಇಳಿಬಿಟ್ಟು, ಅದು ತಿರುಗುವ ಯಾವುದಕ್ಕೂ ತಾಗುವುದಿಲ್ಲ ಎಂದು ನೋಡಿದರು. ಬ್ಯಾಟರಿ ಸೀಟಿನ ಕೆಳಗೆ ಬಿಗಿಯಾದ ಪೆಟ್ಟಿಗೆಯಲ್ಲಿತ್ತು. ಸೀಟು ಹಿಂದೆ ಮುಂದೆ ಸರಿಯುತ್ತಿತ್ತು, ಬೆಲ್ಟು ಇತ್ತು, ಸುತ್ತಲೂ ದಪ್ಪ ಬಂಪರ್ ಇತ್ತು. ಮೇಡಂ ಒಂದು ಪಕ್ಕ ಹಿಡಿದು ಎತ್ತಲು ನೋಡಿದರು, ಗಾಡಿ ಜಪ್ಪಯ್ಯ ಅಂದರೂ ಮಗುಚಲಿಲ್ಲ. ವೇಗಕ್ಕೆ ಒಂದು ಬೀಗ. ಕೀಲಿ ದೊಡ್ಡವರ ಕೈಯಲ್ಲಿ, ಮೊದಲ ಹಂತದಲ್ಲಿಟ್ಟರೆ ನಡೆಯುವವರಿಗಿಂತ ಸ್ವಲ್ಪ ಜೋರು, ಅಷ್ಟೆ.

"ಜೊತೆಗೆ ಇದೊಂದು," ಎಂದು, ಬುಗುರಿ ಆಚೆ ಹೆಲ್ಮೆಟ್ ಆರಿಸಲು ಹೋದಾಗ, ಮಾರಾಟಗಾರರು ಬೆಂಕಿಪೊಟ್ಟಣದಷ್ಟು ದೊಡ್ಡ ರಿಮೋಟ್ ಕೊಟ್ಟರು. "ಇದನ್ನ ಒತ್ತಿದ್ರೆ ಗಾಡಿ ಎಲ್ಲಿದ್ರೂ ನಿಲ್ಲುತ್ತೆ."

ಮೇಡಂ ಮುಖ ಊರಗಲ ಅರಳಿತು. ಲೋಕದಲ್ಲಿ ಅವರಿಗೆ ಬೇಕಾದದ್ದು ಇದೊಂದೇ, ಕೈಯಲ್ಲಿ ಹಿಡಿಯುವ ಪಕ್ಕದ ಸೀಟಿನ ಬ್ರೇಕು.

"ಮೇಡಂ, ಒಂದು ಮಾತು," ಎಂದರು ಮಾರಾಟಗಾರರು. "ಇದು ತುರ್ತಿಗೆ ಮಾತ್ರ. ಸುಮ್ಮಸುಮ್ಮನೆ ಒತ್ತಿದ್ರೆ ಮಗು ಬ್ರೇಕ್ ಹಾಕೋದನ್ನೇ ಕಲಿಯಲ್ಲ."

"ನನಗೆ ಕಲಿಸ್ತೀರಾ?" ಎಂದು ಮೇಡಂ ನಕ್ಕರು. ಮಾರಾಟಗಾರರೂ ಪಾಪ ನಕ್ಕು ಬಿಲ್ಲು ಬರೆದರು.

ಗಾಡಿ ಅಂಗಳಕ್ಕೆ ಬಂತು. ಮೇಡಂ ಹಳೆಯ ಟೈರುಗಳನ್ನು ಗೋಡೆಯುದ್ದಕ್ಕೂ ಒರಗಿಸಿ, ಮಧ್ಯದಲ್ಲಿ ಟೈರುಗಳದೇ ಒಂದು ತಿರುವು ಮಾಡಿದರು. ತೊಡಕು ಎದುರಾದದ್ದು ಹೆಲ್ಮೆಟ್ಟಿನಿಂದ. ಅದನ್ನು ಹಾಕಿದೊಡನೆ ಕಿವಿಯ ಮಿಷನ್ ಒತ್ತಿಕೊಂಡು ಸಿಳ್ಳೆ ಹೊಡೆಯತೊಡಗಿತು. ಸಡಿಲ ಮಾಡಿದರೆ ಹೆಲ್ಮೆಟ್ ಅಲ್ಲಾಡುತ್ತದೆ, ಬಿಗಿ ಮಾಡಿದರೆ ಸಿಳ್ಳೆ. ಕೊನೆಗೆ ಬುಗುರಿಯೇ ಮಿಷನ್ ಎರಡನ್ನೂ ತೆಗೆದು ಡಬ್ಬಿಗೆ ಹಾಕಿ ಅಜ್ಜಿಯ ಕೈಗೆ ಕೊಟ್ಟಳು. ಹೋಗಲಿ ಬಿಡು, ರಿಮೋಟ್ ಇದೆಯಲ್ಲ ಎಂದುಕೊಂಡರು ಮೇಡಂ.

ಆ ದಿನ ನಡೆದದ್ದನ್ನು ಹೇಳಲು ನನಗೇ ಬೇಸರ. ಹುಡುಗಿ ಪೆಡಲು ಒತ್ತಿದಳು, ಗಾಡಿ ಹೊರಟಿತು, ಅವಳ ಮುಖದಲ್ಲಿ ಅಷ್ಟು ದಿನ ಎಲ್ಲೋ ಹೋಗಿದ್ದ ನಗು ವಾಪಸ್ ಬಂತು. ತಿರುವು ಬಂದದ್ದೇ ತಡ, ಮೇಡಂ ಬೆರಳು ಒತ್ತಿತು. ಗಾಡಿ ನಿಂತಿತು. ಮತ್ತೆ ಹೊರಟಿತು. ಗೋಡೆಗೆ ಇನ್ನೂ ಮಾರುದ್ದ ದೂರವಿದೆ, ಹುಡುಗಿಯ ಕಾಲು ಆಗಲೇ ಬ್ರೇಕಿನ ಕಡೆ ಹೊರಟಿದೆ, ಅಷ್ಟರಲ್ಲಿ ಮತ್ತೆ ಬೆರಳು. ಬೇಕೆಂದು ಒತ್ತಿದ್ದಲ್ಲ. ಆ ಬೆರಳು ಆ ಕಾಲಿನ ತಂಗಿ, ಅದಕ್ಕೂ ಅದೇ ಚಾಳಿ. ಪ್ರತಿ ಸಲ ಗಾಡಿ ತಟಕ್ಕನೆ ಸತ್ತಾಗ ಬುಗುರಿ ಸ್ಟೀರಿಂಗ್ ನೋಡುತ್ತಿದ್ದಳು, ಬಗ್ಗಿ ಪೆಡಲು ನೋಡುತ್ತಿದ್ದಳು. ಆಮೇಲೆ ಹೆದರುತ್ತ ಹೆದರುತ್ತ ಒತ್ತತೊಡಗಿದಳು. ಆಮೇಲೆ ಒತ್ತಲೇ ಇಲ್ಲ. ಬೆಲ್ಟು ಬಿಚ್ಚಿ ಇಳಿದು ಬಂದು, ಡಬ್ಬಿ ಇಸಿದುಕೊಂಡು, ಮಿಷನ್ ಹಾಕಿಕೊಂಡು ಹೇಳಿದಳು: "ಅಜ್ಜಿ, ಇದಕ್ಕೆ ನಾನಂದ್ರೆ ಇಷ್ಟ ಇಲ್ಲ."

ಮೇಡಂ ರಿಮೋಟನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ಮನೆಯಲ್ಲಿ ಬುಗುರಿ, "ನನಗೆ ಗಾಡಿ ಬೇಡ, ಅದು ನಿಂತು ನಿಂತು ಹೋಗುತ್ತೆ" ಎಂದುಬಿಟ್ಟಳು. ಮಗಳು ಗೆದ್ದವಳ ಹಾಗೆ ಕಾಣಲಿಲ್ಲ, ಸೋತವಳ ಹಾಗೇ ಕಂಡಳು. "ಬಿಡಮ್ಮಾ. ಅವಳಿಗೇ ಬೇಡವಾದ್ರೆ ನಾವ್ಯಾಕೆ ಹಟ ಮಾಡೋದು" ಎಂದಳು. ಅಳಿಯ ಮಾತ್ರ ರೊಟ್ಟಿ ಮುರಿಯುತ್ತ ಯೋಚಿಸುತ್ತಿದ್ದ.

"ಅಲ್ಲ ಅತ್ತೆ, ಹೊಸ ಗಾಡಿ, ಅಷ್ಟು ಸಲ ಯಾಕೆ ನಿಲ್ಲುತ್ತೆ? ಯಾರಾದ್ರೂ ನಿಲ್ಲಿಸ್ತಾ ಇರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಡಂ ಕೈ ತಾನಾಗಿ ಜೇಬಿಗೆ ಹೋಯಿತು. ಬುಗುರಿಯ ಕಿವಿ ಮಂದ, ಕಣ್ಣಲ್ಲ. "ಅಜ್ಜಿ, ಅದೇನು ಜೇಬಲ್ಲಿ?"

ಮೇಡಂ ರಿಮೋಟ್ ತೆಗೆದು ಮೇಜಿನ ಮೇಲಿಟ್ಟರು. ಸುಳ್ಳು ಹೇಳುವ ಜನ್ಮ ಅಲ್ಲ ಅದು. "ನಾನೇ ನಿಲ್ಲಿಸಿದ್ದು ಪುಟ್ಟಾ. ಗಾಡಿ ತಪ್ಪಿಲ್ಲ, ನಿನ್ನ ತಪ್ಪೂ ಇಲ್ಲ. ನನಗೆ ಭಯ ಆಯ್ತು, ಒತ್ತಿದೆ."

ಹುಡುಗಿಯ ಮುಖ ಕೆಂಪಾಯಿತು. ಮೂರ್ನಾಲ್ಕು ತಿಂಗಳಿಂದ ಯಾವುದಕ್ಕೂ ಸಿಟ್ಟು ಮಾಡಿಕೊಳ್ಳದಿದ್ದವಳು ಮೇಜು ಗುದ್ದಿದಳು. "ಹೇಳಬಾರದಾ! ನಿಲ್ಲಿಸ್ತೀನಿ ಅಂತ ಹೇಳಬಾರದಾ! ನಾನು ಬ್ರೇಕ್ ಹಾಕ್ತಾ ಇದ್ದೆ! ಅದು ನಿನ್ನ ಕೈಲಿದ್ರೆ ನಾನು ಕೂರಲ್ಲ!"

"ಆಯ್ತು. ಕೈಲಿ ಇರಲ್ಲ. ನಾಳೆ ಸಂಜೆ ಬರ್ತೀಯಾ?"

ಬುಗುರಿ ಎದ್ದು ಹೋದಳು. ಮಗಳು ಮೆಲ್ಲಗೆ, "ಅಮ್ಮಾ, ರಿಮೋಟ್ ಇಲ್ಲದೆ ಹೇಗೆ? ಕೂಗಿದ್ರೆ ಕೇಳಿಸಲ್ಲ" ಎಂದಳು. "ಕೇಳಿಸದಿದ್ರೆ ಬೇಡ, ಕಾಣಿಸುತ್ತಲ್ಲ" ಎಂದರು ಮೇಡಂ. ಹೇಳುವಾಗ ಅದರ ಪೂರ್ತಿ ಅರ್ಥ ಅವರಿಗೇ ಹೊಳೆದಿರಲಿಲ್ಲ. ರಾತ್ರಿ ಹಾಸಿಗೆಯ ಮೇಲೆ ಹೊರಳಾಡುವಾಗ ಹೊಳೆಯಿತು. ಅವರ ಶಿಷ್ಯರಿಗೆ ಮೇಡಂ ಬ್ರೇಕ್ ಒತ್ತುವುದಕ್ಕೆ ಮೊದಲೇ ಗೊತ್ತಾಗುತ್ತದೆ; ಮೊಣಕಾಲು ಏಳುವುದು ಕಾಣುತ್ತದೆ, ಛೆ ಎಂಬ ಸದ್ದು ಕೇಳುತ್ತದೆ. ಈ ಮಗುವಿಗೆ ಏನೂ ಗೊತ್ತಾಗುವಂತಿರಲಿಲ್ಲ. ಬೈಕು ಹೇಗೆ ಹೇಳದೆ ಕೇಳದೆ ಬಂದು ಗುದ್ದಿತೋ, ಅಜ್ಜಿಯೂ ಹಾಗೇ ಬೆನ್ನ ಹಿಂದಿನಿಂದ ನಿಲ್ಲಿಸಿದ್ದರು. ಜೀವಮಾನವೆಲ್ಲ ಪಕ್ಕದಲ್ಲಿ ಕೂತು ಕಲಿಸಿದವರು ಇನ್ನು ಎದುರಿಗೆ ಹೋಗಿ ನಿಲ್ಲಬೇಕಿತ್ತು.

ಮಾರನೆಯ ಸಂಜೆ ಮೇಡಂ ರಿಮೋಟನ್ನು ಬುಗುರಿಯ ಕಣ್ಣೆದುರಿಗೇ ಶೆಡ್ಡಿನ ಕಂಬದ ಮೊಳೆಗೆ ನೇತುಹಾಕಿದರು. "ಬೆಂಕಿ ಬಿದ್ರೆ, ಭೂಕಂಪ ಆದ್ರೆ ಮುಟ್ಟೋಣ" ಎಂದರು. ಹುಡುಗಿ ನಗಲಿಲ್ಲ, ಆದರೆ ಹೆಲ್ಮೆಟ್ ತೆಗೆದುಕೊಂಡಳು. ಮಿಷನ್ ಬಿಚ್ಚುವ ಮೊದಲು ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡರು. ಅಂಗೈ ಎತ್ತಿ ತೋರಿಸಿದರೆ ನಿಲ್ಲು. ಎರಡೂ ಕೈ ಕೆಳಗೆ ತಗ್ಗಿಸಿದರೆ ನಿಧಾನ. ಕೈ ಬೀಸಿ ಕರೆದರೆ ಬಾ. ಕೈಯಿಂದ ಪಕ್ಕಕ್ಕೆ ತಳ್ಳಿದ ಹಾಗೆ ಮಾಡಿದರೆ ಪಕ್ಕಕ್ಕೆ ಸರಿ. "ಇನ್ನೊಂದು," ಎಂದಳು ಬುಗುರಿ. "ನೀನು ಏನು ಹೇಳ್ತಿದೀಯ ಅಂತ ಗೊತ್ತಾಗದಿದ್ರೆ?" ಮೇಡಂ ಯೋಚಿಸಿದರು. "ಗೊತ್ತಾಗದಿದ್ರೆ ನಿಲ್ಲು. ನಾನು ಕಾಣದಿದ್ರೂ ನಿಲ್ಲು. ನಿಂತವರು ಯಾರೂ ಕೆಟ್ಟಿಲ್ಲ."

ಮೇಡಂ ತಿರುವಿನ ಆಚೆ ಸೀಮೆಸುಣ್ಣದ ಗೆರೆ ಎಳೆದು, ಅದರಿಂದ ಸಾಕಷ್ಟು ಹಿಂದೆ, ಟೈರುಗಳ ಸಾಲಿನ ಆಚೆಗೆ ನಿಂತರು. ಗಾಡಿ ಬಂತು. ಅಂಗೈ ಎತ್ತಿದರು. ಬಲಗಾಲು ಇದೆಯಲ್ಲ, ಅದು ಸಿಮೆಂಟನ್ನು ಒತ್ತಿ ಒತ್ತಿ ಚಪ್ಪಲಿಯ ಉಂಗುಷ್ಠ ಕಿತ್ತುಕೊಂಡಿತು. ಬುಗುರಿ ಬ್ರೇಕು ಹಾಕುವಷ್ಟರಲ್ಲಿ ಗಾಡಿ ಗೆರೆ ದಾಟಿ ಟೈರಿಗೆ ಡಬ್ ಎಂದು ತಾಗಿತು. ಮೇಡಂ ಓಡಿಹೋಗಿ ನೋಡಿದರೆ ಹೆಲ್ಮೆಟ್ಟಿನೊಳಗಿಂದ ನಗು ಕೇಳಿಸುತ್ತಿತ್ತು. ಹುಡುಗಿ ತಾನೇ ಇಳಿದು, ಉರುಳಿದ ಟೈರನ್ನು ವಾಪಸ್ ಉರುಳಿಸಿಕೊಂಡು ಬಂದು ಇಟ್ಟು, ಮತ್ತೆ ಹೋಗಿ ಕೂತಳು.

ಹೀಗೆ ಸಂಜೆಗಳು ಕಳೆದವು. ಗೆರೆ ದಾಟುವುದು ಕಡಿಮೆಯಾಯಿತು. ಬುಗುರಿ ತಿರುವಿಗೆ ಬಂದೊಡನೆ ತಲೆ ಎತ್ತಿ ಅಜ್ಜಿಯ ಕೈ ಹುಡುಕುವುದನ್ನು ಕಲಿತಳು. ಮೇಡಂ ಒಮ್ಮೊಮ್ಮೆ ಬೇಕೆಂದೇ ಶೆಡ್ಡಿನ ಹಿಂದೆ ಅಡಗುತ್ತಿದ್ದರು. ಹೊರಗೆ ಬಂದಾಗ ಗಾಡಿ ನಿಂತಿರುತ್ತಿತ್ತು, ಹುಡುಗಿ ಕೈಕಟ್ಟಿ ಕಾಯುತ್ತಿರುತ್ತಿದ್ದಳು. ಕಾರು ಕಲಿಯಲು ಬಂದ ಗುತ್ತಿಗೆದಾರರೊಬ್ಬರು ಇದನ್ನೆಲ್ಲ ನೋಡಿ, "ಮೇಡಂ, ನನಗೂ ಎದುರಿಗೆ ನಿಂತೇ ಕಲಿಸಿ, ಚೆನ್ನಾಗಿ ಬರಬಹುದು" ಎಂದರು. "ನಿಮ್ಮ ಕಾರಿನ ಎದುರು ನಿಲ್ಲೋಕೆ ನನಗೇನು ಹುಚ್ಚಾ?" ಎಂದರು ಮೇಡಂ. ಆದರೂ ಆ ವಾರ ಗುತ್ತಿಗೆದಾರರ ಪಾಠದಲ್ಲಿ ಅವರು ಒಂದೆರಡು ಸಲ ಕಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು ಕೂತರು. ಕಷ್ಟವಾಯಿತು, ಬೆವರು ಬಂತು, ಆದರೂ ಕೂತರು. ಮನೆಗೆ ಹೋಗುವಾಗ ಬುಗುರಿ ಈಗ ಗೋಡೆಯ ಪಕ್ಕದಲ್ಲಿ ನಡೆಯುತ್ತಿರಲಿಲ್ಲ. ಒಂದು ಬಾರಿ ಹಿಂತಿರುಗಿ ನೋಡುತ್ತಿದ್ದಳು, ಬೀದಿ ಖಾಲಿ ಎಂದು ಗೊತ್ತುಮಾಡಿಕೊಂಡು ಒಂದು ಸುತ್ತು ಸುತ್ತುತ್ತಿದ್ದಳು.

ತಿಂಗಳು ತುಂಬಿತು. ಮಗಳು ಔಷಧಿ ಅಂಗಡಿಯಿಂದ ನೇರ ಅಂಗಳಕ್ಕೆ ಬಂದಳು, ಭುಜದಿಂದ ಚೀಲವನ್ನೂ ಇಳಿಸದೆ ನಿಂತಳು. ಬೆಲ್ಟು ಎಳೆದು ನೋಡಿದಳು. ಹೆಲ್ಮೆಟ್ಟಿನ ಪಟ್ಟಿ ನೋಡಿದಳು. ಮಗಳ ಜಡೆ ಅಂಗಿಯೊಳಗಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿದಳು. ಬುಗುರಿ ಸುತ್ತು ಹೊಡೆದಳು, ನಿಂತಳು, ಮತ್ತೆ ಹೊರಟಳು, ಗೆರೆಗೆ ಸರಿಯಾಗಿ ನಿಂತಳು. ಅಳಿಯ ಗೇಟಿನ ಹತ್ತಿರ ನಿಂತು ಚಪ್ಪಾಳೆ ಹೊಡೆಯಹೋಗಿ ಹೆಂಡತಿಯ ಮುಖ ನೋಡಿ ಕೈ ಇಳಿಸಿದ.

"ಚೆನ್ನಾಗಿ ಓಡಿಸ್ತಾಳೆ," ಎಂದಳು ಮಗಳು. "ಆದ್ರೆ ಅವಳು ನಿಲ್ಲೋದು ನೀನು ಅಲ್ಲಿ ನಿಂತಿದೀಯ ಅಂತ. ನೀನು ಕೈ ಎತ್ತುತೀಯ ಅಂತ. ಎಲ್ಲಾ ಕಡೆ, ಯಾವಾಗ್ಲೂ ನೀನು ಇರ್ತೀಯಾ ಅಮ್ಮಾ? ನಾನು ಇರ್ತೀನಾ? ಅವತ್ತು ಬೀದೀಲಿ ನಾನು ಇರಲಿಲ್ಲ."

ವಾದದಲ್ಲಿ ಸೋಲುವುದು ಮೇಡಂಗೆ ಹೊಸದು, ಆದರೂ ಹಟ ಬಿಡಲಿಲ್ಲ. "ಬಾ," ಎಂದು ಮಗಳ ಕೈ ಹಿಡಿದು ಕರೆದುಕೊಂಡು ಹೋಗಿ, ತಾವು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಿಸಿದರು. "ಗಾಡಿ ಬಂದಾಗ ಅಂಗೈ ಎತ್ತು. ಅಷ್ಟೆ."

"ಅಮ್ಮಾ, ಬೇಡ, ಅವಳಿಗೆ ಗೊತ್ತಿಲ್ಲ ನಾನು ಇಲ್ಲಿದೀನಿ ಅಂತ."

"ಗೊತ್ತಾಗುತ್ತೆ," ಎಂದು ಮೇಡಂ ದೂರ ಸರಿದು ಶೆಡ್ಡಿನ ನೆರಳಿಗೆ ಬಂದುಬಿಟ್ಟರು.

ಬುಗುರಿ ಆಚೆ ತುದಿಯಿಂದ ಹೊರಟಳು. ಟೈರಿನ ತಿರುವು ತಿರುಗಿ ಎಂದಿನಂತೆ ತಲೆ ಎತ್ತಿದಳು. ಅಜ್ಜಿ ಇರಬೇಕಾದ ಕಡೆ ಅಮ್ಮ. ಅಮ್ಮನಿಗೆ ಅಂಗೈ ಎತ್ತುವುದು ಮರೆತೇಹೋಗಿತ್ತು. ಗಾಡಿ ತನ್ನತ್ತ ಬರುವುದನ್ನು ಕಂಡೊಡನೆ ಅವಳು ಟೈರಿನ ಸಾಲು ದಾಟಿ ದಾರಿಗೇ ಬಂದಳು, ಕೈ ಬೀದಿಯಲ್ಲಿ ಮಣಿಕಟ್ಟು ಹಿಡಿಯುವಂತೆ ಬೆರಳಗಲಿಸಿ ಮುಂದೆ ಚಾಚಿಕೊಂಡಿತು. ಅಂಥ ಸನ್ನೆ ಒಪ್ಪಂದದಲ್ಲಿರಲಿಲ್ಲ. ಮೇಡಂ ಕಾಲು ನೆಲ ಒತ್ತಲು ಏಳುತ್ತಿತ್ತು. ಅದು ನೆಲ ಮುಟ್ಟುವಷ್ಟರಲ್ಲಿ ಗಾಡಿ ನಿಂತಾಗಿತ್ತು. ಗೆರೆಗಿಂತ ಎಷ್ಟೋ ಮೊದಲೇ, ಯಾರೂ ಹೇಳದೆ, ಬುಗುರಿ ತಾನೇ ಬ್ರೇಕು ಹಾಕಿ ನಿಂತಿದ್ದಳು.

ಅಮ್ಮನ ಕೈ ಹಾಗೇ ಚಾಚಿಕೊಂಡಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಮೇಡಂಗೆ ಓಡಿಹೋಗಿ ತಮ್ಮ ಮಗಳನ್ನು ತಬ್ಬಿಕೊಳ್ಳಬೇಕೆನಿಸಿತು. ತಡೆದುಕೊಂಡು ನಿಂತರು.

ಬುಗುರಿ ಸ್ವಲ್ಪ ಹೊತ್ತು ಅಮ್ಮನನ್ನು ನೋಡಿದಳು. ಆಮೇಲೆ ಸ್ಟೀರಿಂಗಿನಿಂದ ಒಂದು ಕೈ ಎತ್ತಿ, ಅಜ್ಜಿ ಕಲಿಸಿದ ಹಾಗೆಯೇ, ತುಸು ಅಧಿಕಾರದಿಂದಲೇ, ಗಾಳಿಯಲ್ಲಿ ಪಕ್ಕಕ್ಕೆ ತಳ್ಳಿ ತೋರಿಸಿದಳು. ಅಮ್ಮನಿಗೆ ಆ ಸನ್ನೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಅರ್ಥವಾಯಿತು. ಅವಳು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಪಕ್ಕಕ್ಕೆ ಸರಿದು ಮಗಳಿಗೆ ದಾರಿ ಬಿಟ್ಟಳು.